ದೋಣಿಯನ್ನು ಮಾರಿದುದು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಹಳೆಯ ಹಾಯಿದೋಣಿಯೊಂದನ್ನು ದುರಸ್ತಿ ಮಾಡಿ ನೋಡು ಎಂದು ಅವರು ಸೇರಿಸಲಿಲ್ಲ. ಅವರಿಗೆ ಆ ಕಷ್ಟದ ಪರಿಚಯವಿರಲಿಲ್ಲವೆಂದು ತೋರುತ್ತದೆ. ಮನೆಯನ್ನು ಕಟ್ಟಿದವನು ಅದರಲ್ಲಿ ವಾಸಮಾಡುತ್ತಾನೆ; ಮದುವೆಯನ್ನು ಮಾಡಿದವನು ಮೊಮ್ಮಕ್ಕಳ ಮುಖವನ್ನು ಕಾಣುತ್ತಾನೆ. ದೋಣಿಯನ್ನು ದುರಸ್ತಿ ಮಾಡಿದವನಾದರೋ ಒಂದಲ್ಲ ಒಂದು ದಿನ ಅದನ್ನು ಪರರ ಕೈಗೆ ಒಪ್ಪಿಸಲೇಬೇಕು. ಹಾಗೆ ಒಪ್ಪಿಸುವಾಗ ಏನನ್ನು ಮಾರುತ್ತೇವೆ, ಏನನ್ನು ಮಾರಲಾರೆವು ಎಂಬುದು ನನಗೆ ತಿಳಿದುಬಂದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಅಮೆರಿಕದ ಪೂರ್ವತೀರದಲ್ಲಿ ಚೆಸಪೀಕ್ ಎಂಬುದೊಂದು ಕೊಲ್ಲಿಯುಂಟು. ಅದರ ಉದ್ದ ಸುಮಾರು 200 ಮೈಲಿ. ಸರಾಸರಿ ಆಳ ಮಾತ್ರ 21 ಅಡಿಯಷ್ಟೆ. ಹೊಳೆಗಳೂ ಹಳ್ಳಗಳೂ ಎಲ್ಲೆಡೆಯಿಂದ ಬಂದು ಕೂಡುವುದರಿಂದ, ಗಾಳಿಯ ಕಾಟವಿಲ್ಲದೆ ಲಂಗರು ಹಾಕಿ ರಾತ್ರಿಯನ್ನು ಕಳೆಯತಕ್ಕ ತಾವುಗಳು ದಡದುದ್ದಕ್ಕೂ ಬೇಕಾದಷ್ಟಿವೆ. ಉದ್ಯೋಗದ ನಿಮಿತ್ತ ಮೇರಿಲೆಂಡ್ ಪ್ರಾಂತದಲ್ಲಿ ನೆಲೆಸಿದ ನಾನೂ ನನ್ನ ಹೆಂಡತಿಯೂ ಆ ಕೊಲ್ಲಿಯ ಮೇಲೆ 11 ಬೇಸಗೆಗಳನ್ನು ಕಳೆದೆವು. ನಮ್ಮ ದೋಣಿ ಹೊಳೆ ದಾಟಿಸುವ ಹರಿಗೋಲಲ್ಲ. ನಮ್ಮ ಕರಾವಳಿಯಲ್ಲಿ ಹಿಂದೆ ಸರಕು ಹೊರುತ್ತಿದ್ದ ಮಂಜಿಯೂ ಅಲ್ಲ. ಒಂದು ಚಿಕ್ಕ ಸಂಸಾರವು ಹಲವು ದಿನ ಉಂಡು ಮಲಗಿ ಊರೂರು ಸುತ್ತುವುದಕ್ಕೆಂದೇ ಮಾಡಿದ, 30 ಅಡಿ ಉದ್ದದ ತೇಲುವ ಬಿಡಾರ. ನಾಲ್ವರಿಗೆ ಹಾಸಿಗೆ, ಎರಡು ಉರಿಯ ಒಲೆ, ಮಡಿಸುವ ಮೇಜು, ಕುಡಿಯುವ ನೀರಿಗೆ ಒಂದು ತೊಟ್ಟಿ, ಇಷ್ಟು ಅದರೊಳಗಿನ ಐಶ್ವರ್ಯ.

ಇಂತಹ ದೋಣಿ ನಮ್ಮಂತಹವರ ಕೈಗೆ ಎಟಕುವುದು ಹೇಗೆಂದು ಕೆಲವರು ಕೇಳಿದ್ದಾರೆ. ಅದಕ್ಕೊಂದು ಕಾರಣವುಂಟು. 1959 ರಲ್ಲಿ ನ್ಯೂಯಾರ್ಕಿನ ದೋಣಿ ಪ್ರದರ್ಶನದಲ್ಲಿ ಪಿಯರ್ಸನ್ ಮನೆತನದ ಇಬ್ಬರು ದಾಯಾದಿಗಳು ‘ಟ್ರೈಟನ್’ ಎಂಬ 28 ಅಡಿಯ ದೋಣಿಯನ್ನು ತಂದು ನಿಲ್ಲಿಸಿದರು. ಅದರ ಮೈ ಮರದ್ದಲ್ಲ, ಫೈಬರ್‌ಗ್ಲಾಸಿನದು. ಎಂದರೆ ಗಾಜಿನ ನೂಲಿನ ಬಟ್ಟೆಯನ್ನು ರಾಳದಲ್ಲಿ ತೋಯಿಸಿ, ಪದರದ ಮೇಲೆ ಪದರವಾಗಿ ಅಚ್ಚಿನಲ್ಲಿಟ್ಟು ಗಟ್ಟಿಮಾಡಿದ್ದು. ಅಲ್ಲಿಂದಾಚೆಗೆ ಇಂತಹ ದೋಣಿಗಳು ಸಾಲುಸಾಲಾಗಿ ಹೊರಬಂದವು. ಈ ಮೈಗೆ ಗೆದ್ದಲಿಲ್ಲ, ಕೊಳೆಯುವಿಕೆಯಿಲ್ಲ. ಆದರೆ ಮೈಯೊಂದು ಸಾಯದಿದ್ದರಾಯಿತೆ? ಹಾಯಿ ಹರಿಯುತ್ತದೆ, ತಂತಿ ಬಳಲುತ್ತದೆ, ಯಂತ್ರ ತುಕ್ಕುಹಿಡಿಯುತ್ತದೆ. ಹೀಗಾಗಿ ಪ್ರಾಣವುಳ್ಳ ಮೈಯಲ್ಲಿ ಸತ್ತ ಅವಯವಗಳನ್ನು ಹೊತ್ತ ದೋಣಿಗಳು ಅಲ್ಲಿಯ ದಡಗಳಲ್ಲಿ ಬಿಡುಬೆಲೆಗೆ ಬಿದ್ದಿರುತ್ತವೆ. 1974 ರಲ್ಲಿ ಹುಟ್ಟಿದ ಅಂತಹ ಒಂದನ್ನು ನಾವು 4,500 ಡಾಲರಿಗೆ ಕೊಂಡೆವು.

ಅದನ್ನು ನೇರ್ಪಡಿಸುವುದಕ್ಕೆ ಮೂರು ಚಳಿಗಾಲಗಳು ಹಿಡಿದವು. ಚಳಿಗಾಲದಲ್ಲಿ ಅಲ್ಲಿಯ ದೋಣಿಗಳನ್ನು ನೀರಿನಿಂದೆತ್ತಿ ಊರೆಗೋಲುಗಳ ಮೇಲೆ ನಿಲ್ಲಿಸುವುದು ವಾಡಿಕೆ. ನಾವು ನಡೆದಾಡುವ ಮೇಲ್ತಟ್ಟು ಗಾಜಿನ ಎರಡು ತೆಳು ಪದರಗಳ ನಡುವೆ ಬಾಲ್ಸಾ ಎಂಬ ಹಗುರ ಮರವನ್ನಿಟ್ಟು ಮಾಡಿದ್ದು. ಬೋಲ್ಟುಗಳ ರಂಧ್ರಗಳಿಂದ ಮಳೆನೀರು ಜಿನುಗಿ ಆ ಮರ ಕೊಳೆತರೆ ಮೇಲಿನವರಿಗೆ ಕಾಣುವುದಿಲ್ಲ. ಸಣ್ಣ ಸುತ್ತಿಗೆಯಿಂದ ತಟ್ಟಿ ಕೇಳಬೇಕು. ಗಟ್ಟಿಯಾದ ಕಡೆ ಠಣ್ಣೆನ್ನುತ್ತದೆ, ಕೊಳೆತ ಕಡೆ ಒದ್ದೆಯಾದ ಮದ್ದಲೆಯಂತೆ ಮಂಕಾಗಿ ನುಡಿಯುತ್ತದೆ. ಹಾಗೆ ನುಡಿದ ಕಡೆಯಲ್ಲೆಲ್ಲ ಮೇಲಿನ ಪದರವನ್ನು ಕೊಯ್ದು, ನೆನೆದ ಅವಲಕ್ಕಿಯಂತಾಗಿದ್ದ ಮರವನ್ನು ಬಗೆದು ತೆಗೆದು, ಹೊಸದನ್ನು ತುಂಬಿ ಮುಚ್ಚಿದೆವು. ಹಳೆಯ ಪೆಟ್ರೋಲ್ ಯಂತ್ರವನ್ನು ತೆಗೆಸಿ ಡೀಸೆಲ್ ಯಂತ್ರವನ್ನಿಡಿಸಿದೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿಯೇ ಕೂಡಿಕೊಂಡು ಒಂದು ಕಿಡಿಗಾಗಿ ಕಾದಿರುತ್ತದೆ. ನನ್ನ ಹೆಂಡತಿ ಹಾಸಿಗೆಗಳಿಗೆ ಹೊಸ ಗವಸು ಹೊಲಿದಳು. ಅದಕ್ಕಿಂತ ಹೆಚ್ಚಿನ ಕೆಲಸವೊಂದನ್ನೂ ಮಾಡಿದಳು. ಮನೆಯ ಹಾಲಿನ ಲೆಕ್ಕ ಬರೆಯುವಂತೆಯೇ, ಯಾವ ದಿನ ಯಾವ ತಿರುಪನ್ನು ಬಿಚ್ಚಿದೆವು, ಅದರ ಅಳತೆ ಎಷ್ಟು, ಯಾವುದನ್ನು ಬದಲಾಯಿಸಿದೆವು, ಯಾವುದನ್ನು ಮುಂದಿನ ವರ್ಷಕ್ಕೆ ಬಿಟ್ಟೆವು ಎಂಬುದೆಲ್ಲವನ್ನೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿಟ್ಟಳು.

ವರ್ಷಗಳು ಕಳೆದವು. ದೋಣಿಯ ಒಳಗಿಳಿಯುವ ಕಡಿದಾದ ಏಣಿಯನ್ನು ಹತ್ತಿಳಿಯುವುದಕ್ಕೆ ಆಕೆಯ ಮೊಣಕಾಲು ಒಪ್ಪದಾಯಿತು. ದೋಣಿಯ ಒಡೆಯನಿಗೆ ಎರಡೇ ಸುಖದ ದಿನಗಳು, ಕೊಂಡ ದಿನ ಒಂದು, ಮಾರಿದ ದಿನ ಇನ್ನೊಂದು ಎಂದು ಅಲ್ಲಿಯವರು ನಗೆಯಾಡುತ್ತಾರೆ. ಎರಡನೆಯದರ ಸುಖ ನಮಗೆ ಅಷ್ಟಾಗಿ ಕಾಣಲಿಲ್ಲ.

ಬೆಲೆ ಕಟ್ಟಲು ಕುಳಿತಾಗ ಮೊದಲನೆಯ ಪಾಠವಾಯಿತು. ಪುಸ್ತಕದ ಲೆಕ್ಕದಂತೆ ದುರಸ್ತಿಗೆ ತಗುಲಿದ್ದು 19,000 ಡಾಲರು. ಆದರೆ ಆ ಬಗೆಯ, ಆ ವಯಸ್ಸಿನ, ಸುಸ್ಥಿತಿಯ ದೋಣಿಗಳು ಮಾರುತ್ತಿದ್ದುದು 12,000 ದಿಂದ 14,000 ದೊಳಗೆ. ಹೆತ್ತವರಿಗೆ ಹೆಗ್ಗಣ ಮುದ್ದು. ಆ ಮುದ್ದಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಒಂಟಿಯಾಗಿ ಭೂಮಂಡಲವನ್ನು ಮೊದಲು ಸುತ್ತಿದ ಜೋಶುವಾ ಸ್ಲೋಕಮ್ ಎಂಬ ನಾವಿಕನಿಗೆ ‘ಸ್ಪ್ರೇ’ ಎಂಬ ಮುರುಕು ದೋಣಿ ಫೇರ್‌ಹೇವನ್ ಊರಿನ ಹೊಲವೊಂದರಲ್ಲಿ ಪುಕ್ಕಟೆಯಾಗಿ ದೊರಕಿತಂತೆ. ಅದನ್ನು ಹೊಸದಾಗಿ ಕಟ್ಟುವುದಕ್ಕೆ ತನಗೆ 553 ಡಾಲರು 62 ಸೆಂಟು ಹಿಡಿಯಿತೆಂದು ಅವನು ಬಿಡಿಕಾಸನ್ನೂ ಬಿಡದೆ ಬರೆದಿಟ್ಟಿದ್ದಾನೆ. ತನ್ನ 13 ತಿಂಗಳ ದುಡಿಮೆಗೆ ಮಾತ್ರ ಒಂದು ಸೆಂಟನ್ನೂ ಹಾಕಿಕೊಂಡಿಲ್ಲ. 1895 ರಲ್ಲಿ ಬಾಸ್ಟನ್ನಿನಿಂದ ಹೊರಟು 1898 ರಲ್ಲಿ ಮರಳಿ ಬಂದವನಿಗೆ ಆ ಕೂಲಿ ಬೇರೆ ಬಗೆಯಲ್ಲಿ ಸಂದಿತೆನ್ನಬೇಕು. ಇನ್ನೊಂದು ಕಡೆ, 1966-67 ರಲ್ಲಿ ಫ್ರಾನ್ಸಿಸ್ ಚಿಚೆಸ್ಟರ್ ತನ್ನ 65ನೆಯ ವಯಸ್ಸಿನಲ್ಲಿ ಲೋಕವನ್ನು ಸುತ್ತಿದ ‘ಜಿಪ್ಸಿ ಮಾತ್ 4’ ಎಂಬ ಕೀರ್ತಿಶಾಲಿ ದೋಣಿ, ಗ್ರೀನಿಚ್ಚಿನ ನೆಲದ ಮೇಲೆ ಬಹುಕಾಲ ನಿಂತು ಶಿಥಿಲವಾಗಿ, 2004 ರಲ್ಲಿ ಒಂದು ಪೌಂಡಿಗೂ ಒಂದು ಲೋಟ ಜಿನ್ ಪಾನಕ್ಕೂ ಕೈಬದಲಾಯಿತು. ಕೀರ್ತಿಯನ್ನೂ ತಕ್ಕಡಿಗೆ ಹಾಕಲಾಗುವುದಿಲ್ಲವೆಂದ ಮೇಲೆ ನಮ್ಮ ಬೆವರಿನ ಮಾತೇನು? 13,500 ಎಂದು ಬರೆದು ಪ್ರಕಟಿಸಿದೆವು.

ನೋಡಲು ಬಂದವರಲ್ಲಿ ಬಗೆಬಗೆಯವರಿದ್ದರು. ಹೊಳೆಯುವ ಬಿಳಿಯ ಬಣ್ಣವನ್ನು ಕಂಡು ಮೆಚ್ಚಿ, ತಳದ ಮುಚ್ಚಳವನ್ನು ಎತ್ತಿಯೂ ನೋಡದೆ ಹೋದವರು ಕೆಲವರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬುದು ಅವರಿಗೆ ಹೊಳೆಯಲಿಲ್ಲ. ಕೊಳ್ಳುವ ಮನಸ್ಸಿಲ್ಲದೆ ತಮ್ಮ ಸಾಹಸಗಳನ್ನು ಹೇಳಿಕೊಳ್ಳುವುದಕ್ಕೆಂದೇ ಬಂದವರು ಕೆಲವರು. ಕಡೆಗೆ ಅಕ್ಟೋಬರಿನಲ್ಲಿ ಆನಪೊಲಿಸ್ ಪಟ್ಟಣದ ದೋಣಿಸಂತೆಗೆ ಬಂದಿದ್ದ ತರುಣ ದಂಪತಿಗಳು ನಾಲ್ಕು ವರ್ಷದ ಮಗಳನ್ನು ಕರೆದುಕೊಂಡು ನಮ್ಮಲ್ಲಿಗೂ ಬಂದರು. ಸಂತೆಯ ಹೊಸ ದೋಣಿಗಳ ಬೆಲೆಯನ್ನು ಕೇಳಿ ಅವರು ಬಳಲಿದ್ದರು. ಮಗು ಮೊದಲು ಹಾಸಿಗೆಯನ್ನೇರಿ ಮಲಗಿತು. ಹೆಂಡತಿ ಪುಸ್ತಕವನ್ನು ತೆರೆದು ಓದತೊಡಗಿದಳು. ಗಂಡ ಯಂತ್ರದ ಮುಂದೆ ಮಂಡಿಯೂರಿದ. ಇವರೇ ಕೊಳ್ಳುವವರೆಂದು ನನ್ನಾಕೆ ನನಗೆ ಕಣ್ಣಿನಲ್ಲಿಯೇ ಹೇಳಿದಳು.

ಅಲ್ಲಿಯ ಪದ್ಧತಿಯಂತೆ ಬೆಲೆಯ ಹತ್ತನೆಯ ಒಂದು ಪಾಲನ್ನು ಮುಂಗಡವಾಗಿಟ್ಟು, ಕೊಳ್ಳುವವರು ತಮ್ಮ ಖರ್ಚಿನಿಂದ ಪರೀಕ್ಷಕನೊಬ್ಬನನ್ನು ನೇಮಿಸಿಕೊಳ್ಳುತ್ತಾರೆ. ದೋಣಿಯನ್ನು ನೀರಿನಿಂದೆತ್ತಿಸಿ, ತಟ್ಟಿ, ತೇವವನ್ನಳೆದು, ನೀರಿಗಿಳಿಸಿ ನಡೆಸಿ ನೋಡಿ, ಅವನು ವರದಿ ಕೊಡುತ್ತಾನೆ. ನಮ್ಮ ದೋಣಿಯ ವರದಿ ಚೆನ್ನಾಗಿಯೇ ಬಂದಿತು. ಆದರೆ ಅದರ ಕೊನೆಯಲ್ಲಿ, ಬಿಚ್ಚದೆ ನೋಡಲಾಗುವಷ್ಟನ್ನು ಮಾತ್ರ ನೋಡಿದ್ದೇನೆ ಎಂಬ ಒಂದು ವಾಕ್ಯವಿತ್ತು. ಪರೀಕ್ಷಕರೆಲ್ಲರೂ ಅದನ್ನು ಬರೆಯುತ್ತಾರೆ, ನ್ಯಾಯವಾಗಿ ಬರೆಯುತ್ತಾರೆ.

ಇಲ್ಲಿಯೇ ವಿಷಯದ ಮರ್ಮ. ಹಾಯಿಕಂಬವನ್ನು ನಾಲ್ಕು ಕಡೆಯಿಂದಲೂ ಉಕ್ಕಿನ ತಂತಿಗಳು ಹಿಡಿದು ನಿಲ್ಲಿಸಿರುತ್ತವೆ. ಆ ತಂತಿಗಳನ್ನು ದೋಣಿಯ ಮೈಗೆ ಕಟ್ಟುವುದು ಕಲೆಯಿಲ್ಲದ ಉಕ್ಕಿನ ಪಟ್ಟಿಗಳು. ಕಲೆಯಿಲ್ಲದ ಉಕ್ಕಿಗೆ ಆ ಹೆಸರು ಗಾಳಿಯ ಕೃಪೆಯಿಂದ ಬಂದದ್ದು; ಗಾಳಿಯಲ್ಲಿರುವ ಆಮ್ಲಜನಕದ ಸಂಗದಿಂದಲೇ ಅದರ ಮೇಲೊಂದು ಕಾಣದ ಹೊದಿಕೆ ಹುಟ್ಟಿ ಅದನ್ನು ಕಾಯುತ್ತದೆ. ಅದೇ ಉಕ್ಕು ಗಾಳಿಯಾಡದ ಸಂದಿನಲ್ಲಿ ಉಪ್ಪುನೀರಿನ ತೇವದೊಡನೆ ಸಿಕ್ಕಿಕೊಂಡರೆ ಒಳಗಿಂದೊಳಗೇ ತೂತುಬಿದ್ದು ಬಿರಿಯುತ್ತದೆ. ಹೊರಗೆ ಮಾತ್ರ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ನಾವು ತಂತಿಗಳೆಲ್ಲವನ್ನೂ, ಒಂದನ್ನುಳಿದು ಪಟ್ಟಿಗಳೆಲ್ಲವನ್ನೂ ಬದಲಾಯಿಸಿದ್ದೆವು. ಉಳಿದದ್ದು ಹಿಂಬದಿಯ ಪಟ್ಟಿ. ದೋಣಿಯನ್ನು ಕಟ್ಟಿದವರೇ ಅದನ್ನು ಗಾಜಿನ ಪದರಗಳೊಳಗೆ ಹುದುಗಿಸಿಬಿಟ್ಟಿದ್ದುದರಿಂದ, ಕೊಯ್ಯದೆ ತೆಗೆಯುವಂತಿರಲಿಲ್ಲ. ಬರುವ ಚಳಿಗಾಲದ ಕೆಲಸವೆಂದು ಅದನ್ನು ಇರಿಸಿಕೊಂಡಿದ್ದೆವು. ಆ ಚಳಿಗಾಲ ಬರುವ ಮೊದಲೇ ಮಾರುವ ಕಾಲ ಬಂದಿತು.

ಆ ದಂಪತಿಗಳು ಹೋಗಲಿದ್ದುದು ಬಹಾಮಾ ದ್ವೀಪಗಳಿಗೆ. ಫ್ಲಾರಿಡಾದಿಂದ ಅಲ್ಲಿಗೆ ದೂರ ಐವತ್ತು ಮೈಲಿಯ ಸುಮಾರು. ನಡುವೆ ಗಲ್ಫ್ ಸ್ಟ್ರೀಮ್ ಎಂಬ ಸಾಗರಪ್ರವಾಹ ಉತ್ತರಕ್ಕೆ ಹರಿಯುತ್ತದೆ. ಉತ್ತರದ ಗಾಳಿ ಅದಕ್ಕೆದುರಾಗಿ ಬೀಸಿದರೆ ಅಲೆಗಳು ಗೋಡೆಯಂತೆ ಏಳುತ್ತವೆ. ಅಂತಹ ಕಡೆ ಹಿಂಬದಿಯ ಪಟ್ಟಿ ಕಿತ್ತರೆ ಕಂಬ ಮುಂದಕ್ಕೆ ಉರುಳುತ್ತದೆ.

ಕಾಗದಗಳಿಗೆ ರುಜು ಹಾಕುವ ಹಿಂದಿನ ರಾತ್ರಿ ಈ ಮಾತು ಬಂದಿತು. ಕರಾರಿನಲ್ಲಿ “ಇರುವುದು ಇರುವ ಸ್ಥಿತಿಯಲ್ಲಿ” ಎಂಬ ಶರತ್ತು ಇದ್ದೇ ಇತ್ತು. ಪರೀಕ್ಷಕನೂ ನೋಡಿಹೋಗಿದ್ದ, ಅವರೂ ಕೇಳಿರಲಿಲ್ಲ. ಪುಸ್ತಕದಲ್ಲಿ ಒಂದು ಸಾಲು ಬರೆದೇ ಇತ್ತು. ಇನ್ನೂರು ಪುಟಗಳಲ್ಲಿ ಅದು ಅವರ ಕಣ್ಣಿಗೆ ಬಿದ್ದಿತೋ ಇಲ್ಲವೋ.

“ಪುಸ್ತಕದಲ್ಲಿ ಇದೆಯಲ್ಲ” ಎಂದೆ ನಾನು.

“ಇದೆ ರೀ, ನಾನೇ ಬರೆದದ್ದು” ಎಂದಳು ಆಕೆ. “ಆದರೆ ನೋಡಿ, ಇಷ್ಟು ದಿನ ಆ ಪಟ್ಟಿಯ ಕೆಳಗೆ ಕೂತದ್ದು ನಾವು. ಅದು ಹಳೆಯದೆಂದು ಬಲ್ಲವರು. ಗಾಳಿ ಜೋರಾದರೆ ಹಾಯಿ ಇಳಿಸುತ್ತಿದ್ದಿರಿ. ದಡ ಕಣ್ಣಿಗೆ ಕಾಣುತ್ತಿತ್ತು. ನಾಳೆಯಿಂದ ಅಲ್ಲಿ ಕೂರುವುದು ಆ ಮಗು. ಬರೆದಿಟ್ಟರೆ ಸಾಲದು, ಬಾಯಲ್ಲಿ ಹೇಳಬೇಕು.”

ನನಗೂ ಬೇರೆ ಉತ್ತರ ಬೇಕಾಗಿರಲಿಲ್ಲ. ಮರುದಿನ ಬೆಳಗ್ಗೆ ಅವರನ್ನು ಹಿಂಬದಿಗೆ ಕರೆದೊಯ್ದು, ಉಗ್ರಾಣದ ಮುಚ್ಚಳವೆತ್ತಿ, ದೀಪ ಹಿಡಿದು ತೋರಿಸಿ, ಇದೊಂದನ್ನು ನಾವು ನೋಡಿಲ್ಲ, ಬದಲಾಯಿಸದೆ ಸಮುದ್ರಕ್ಕೆ ಹೋಗಬೇಡಿ ಎಂದು ಹೇಳಿದೆವು. ತರುಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಹಾಗಾದರೆ ಬೆಲೆಯಲ್ಲಿ ಎಷ್ಟು ಬಿಡುತ್ತೀರಿ?” ಎಂದು ಕೇಳಿದ. ಸರಿಯಾದ ಪ್ರಶ್ನೆಯೇ. 1,000 ಡಾಲರು ಬಿಟ್ಟೆವು. 12,500 ಕ್ಕೆ ವ್ಯವಹಾರ ಮುಗಿಯಿತು.

ನವೆಂಬರಿನ ಎರಡು ಭಾನುವಾರಗಳಲ್ಲಿ ಅವನೂ ನಾನೂ ಸೇರಿ ಆ ಪಟ್ಟಿಯನ್ನು ಕೊಯ್ದು ತೆಗೆದೆವು. ಮೇಲಿನ ಅರ್ಧ ಹೊಚ್ಚಹೊಸದರಂತಿತ್ತು. ಮೇಲ್ತಟ್ಟನ್ನು ಹಾಯ್ದು ಹೋಗುವೆಡೆಯಲ್ಲಿ ಮಾತ್ರ ಉಗುರು ಸಿಕ್ಕಿಕೊಳ್ಳುವಷ್ಟು ಕುಳಿಗಳಿದ್ದುವು. ಆ ವರ್ಷವೇ ಮುರಿಯುತ್ತಿತ್ತೋ, ಇನ್ನೂ ಹತ್ತು ವರ್ಷ ಬಾಳುತ್ತಿತ್ತೋ ಯಾರು ಹೇಳಬಲ್ಲರು? ಅವನು ಅದನ್ನು ಒರೆಸಿ ಜೇಬಿನಲ್ಲಿಟ್ಟುಕೊಂಡ.

ಹಳೆಯ ದೋಣಿಯಲ್ಲಿ ದೋಷವಿರುವುದು ಅಪಾಯವಲ್ಲ. ಅದು ಒಡೆಯನಿಗೆ ತಿಳಿಯದಿರುವುದು ಅಪಾಯ. ಒಂಟಿಯಾಗಿ, ಎಲ್ಲಿಯೂ ನಿಲ್ಲದೆ ಲೋಕವನ್ನು ಮೊದಲು ಸುತ್ತಿದವನು ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವನ 32 ಅಡಿಯ ‘ಸುಹೇಲಿ’ ನಮ್ಮ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ ದೋಣಿ. ಹೊಸದೊಂದನ್ನು ಕಟ್ಟಿಸಲು ಹಣ ಸಾಲದೆ ಅವನು ಅದರಲ್ಲಿಯೇ 1968 ರ ಜೂನಿನಲ್ಲಿ ಹೊರಟು, 312 ದಿನಗಳ ಮೇಲೆ 1969 ರ ಏಪ್ರಿಲಿನಲ್ಲಿ ಮರಳಿದ. ಸುಹೇಲಿ ನಿರ್ದೋಷಿಯಾಗಿರಲಿಲ್ಲ, ನಡುಸಮುದ್ರದಲ್ಲಿ ಅದರ ಹಲಗೆಯ ಸಂದುಗಳು ಸೋರಿದುವು. ಆದರೆ ಕಟ್ಟಿಸಿದವನು ತಾನೇ ಆದುದರಿಂದ ಎಲ್ಲಿ ಸೋರುತ್ತಿದೆಯೆಂಬುದನ್ನು ಬಲ್ಲವನಾಗಿ, ನೀರಿನೊಳಕ್ಕೆ ಮುಳುಗಿ ಹತ್ತಿ ತುರುಕಿ ಸಂದನ್ನು ಮುಚ್ಚಿ ಮುಂದುವರಿದ. ಕೊಂಡುಕೊಂಡವನಿಗೆ ಈ ಬಲ್ಲತನ ಹುಟ್ಟಿನಿಂದ ಬರುವುದಿಲ್ಲ; ಮಾರಿದವನು ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಶ್ರಮಕ್ಕೆ ಪೇಟೆ ಬೆಲೆ ಕಟ್ಟಲಿಲ್ಲವೆಂದು ಕೊರಗಬೇಕಾಗಿಲ್ಲ. ಆ ಶ್ರಮದಿಂದ ಬಂದ ತಿಳಿವಳಿಕೆಯನ್ನು ದೋಣಿಯೊಡನೆ ಕಳುಹಿಸಿಕೊಟ್ಟರೆ ಸಾಕು.

ಪುಸ್ತಕವನ್ನು ನನ್ನ ಹೆಂಡತಿ ತನ್ನ ಕೈಯಾರೆ ಆ ತಾಯಿಗೆ ಒಪ್ಪಿಸಿದಳು. ದೋಣಿ ಹೊರಟುಹೋದಾಗ ನಾನು ಕಂಬವನ್ನು ನೋಡುತ್ತ ನಿಂತೆ; ಆಕೆ ನೋಡಲಿಲ್ಲ, ಮನೆಗೆ ಹೋಗೋಣವೆಂದಳು. ಮಾರ್ಚಿಯಲ್ಲಿ ಬಹಾಮಾದ ದ್ವೀಪವೊಂದರಿಂದ ಅವರ ಓಲೆ ಬಂದಿತು. ಕುಶಲವೆಂದೂ, ಮಗು ಈಜು ಕಲಿತಳೆಂದೂ, ನೀರಿನ ಪಂಪಿನ ಪಟ್ಟೆ ಸವೆದಿದೆ, ಅದರ ಅಳತೆ ಪುಸ್ತಕದ ಯಾವ ಪುಟದಲ್ಲಿದೆಯೆಂದೂ ಬರೆದಿದ್ದರು. ನನ್ನಾಕೆ ಹಿಟ್ಟು ಕಲಸುತ್ತಿದ್ದವಳು ತಲೆಯೆತ್ತದೆಯೇ ಪುಟವನ್ನೂ ಅಳತೆಯನ್ನೂ ಹೇಳಿದಳು. ನಾನು ಬರೆದು ಕಳುಹಿಸಿದೆ.