ಬೂಷ್ಟಿನ ಭಾಗ್ಯ

ದ್ರಾಕ್ಷಿ ಕೊಳ್ಳುವಾಗ ನಾವೆಲ್ಲ ಮಹಾ ನಿಷ್ಠುರರು. ಗೊಂಚಲನ್ನು ಎತ್ತಿ, ತಿರುಗಿಸಿ, ಬೂಷ್ಟು ಹಿಡಿದ ಒಂದೇ ಒಂದು ಹಣ್ಣು ಕಂಡರೂ ತಳ್ಳುಗಾಡಿಯವನಿಗೆ ಉಪದೇಶ ಮಾಡಿ ಮುಂದೆ ನಡೆಯುತ್ತೇವೆ. ಹಂಗೇರಿಯ ಈಶಾನ್ಯ ಮೂಲೆಯ ಟೋಕಾಯ್ ಸೀಮೆಯವರು ನೋಡಿದರೆ ನಕ್ಕಾರು. ನಾಲ್ಕೂವರೆ ಶತಮಾನದಿಂದ ಅವರು ವೈನಿಗೆಂದು ಹುಡುಕಿ ಹುಡುಕಿ ಕೀಳುತ್ತಿರುವುದೇ ಬೂಷ್ಟು ಹಿಡಿದ ಹಣ್ಣನ್ನು.

ಎಲ್ಲ ಬೂಷ್ಟೂ ಆಗಿಬರುವುದಿಲ್ಲ. ಬೋದ್ರೋಗ್ ಮತ್ತು ತಿಸಾ ನದಿಗಳು ಕೂಡುವುದು ಟೋಕಾಯ್ ಊರಿನ ಬಳಿ. ಶರತ್ಕಾಲದ ಬೆಳಗಿನಲ್ಲಿ ನೀರಿನಿಂದೆದ್ದ ಮಂಜು ಬೆಟ್ಟದ ತಪ್ಪಲಿನ ತೋಟಗಳ ಮೇಲೆ ಬಂದು ಕೂರುತ್ತದೆ. ಮಧ್ಯಾಹ್ನದ ಬಿಸಿಲು ಅದನ್ನು ಎಬ್ಬಿಸಿ ಕಳಿಸುತ್ತದೆ. ಮಂಜಿಲ್ಲದಿದ್ದರೆ ಬೂಷ್ಟಿಲ್ಲ, ಬಿಸಿಲಿಲ್ಲದಿದ್ದರೆ ಬರೀ ಕೊಳೆ. ಎರಡೂ ಹದವಾಗಿ ಒದಗಿದ ವರ್ಷ ಬೊಟ್ರೈಟಿಸ್ ಎಂಬ ಶಿಲೀಂಧ್ರ ಫುರ್ಮಿಂಟ್ ದ್ರಾಕ್ಷಿಯ ಸಿಪ್ಪೆಯನ್ನು ನವುರಾಗಿ ತೂತು ಮಾಡುತ್ತದೆ. ನೀರು ಆರಿ, ಸಿಹಿ ಹುಳಿ ಎರಡೂ ಗಟ್ಟಿಯಾಗುತ್ತವೆ. ಈ ಸುಕ್ಕುಮೋರೆಯ ಹಣ್ಣೇ ಆಸೂ. ಒಂದೊಂದನ್ನೂ ಕೈಯಲ್ಲೇ ಬಿಡಿಸಬೇಕು. 136 ಲೀಟರಿನ ಪೀಪಾಯಿಗೆ ಬೆನ್ನಬುಟ್ಟಿಯಲ್ಲಿ ಎಷ್ಟು ಬುಟ್ಟಿ ಆಸೂ ಸುರಿದರು ಎನ್ನುವುದೇ ಹಿಂದೆ ವೈನಿನ ಸಿಹಿಯ ಅಳತೆ. ಒಂದು ಬುಟ್ಟಿಗೆ ಸುಮಾರು 25 ಕಿಲೋ.

ಇದಕ್ಕೂ ಮಿಗಿಲು ಎಸೆನ್ಸಿಯಾ. ಆಸೂ ರಾಶಿ ತನ್ನ ಭಾರಕ್ಕೆ ತಾನೇ ಜಿನುಗಿಸಿದ ರಸ. ಲೀಟರಿಗೆ 450 ಗ್ರಾಂ ಮೀರಿ ಸಕ್ಕರೆ! ಆ ಸಿಹಿಯಲ್ಲಿ ಯೀಸ್ಟಿಗೂ ಉಸಿರು ಕಟ್ಟುತ್ತದೆ. ವರ್ಷಗಟ್ಟಲೆ ಹುದುಗಿದರೂ ಮದ್ಯಸಾರ ಶೇಕಡ 3ರ ಆಸುಪಾಸಿನಲ್ಲೇ ಉಳಿಯುತ್ತದೆ. ಚಮಚದಲ್ಲಿ ಸವಿಯುವ ಇದನ್ನು ವೈನ್ ಅನ್ನುವುದಕ್ಕಿಂತ ಲೇಹ್ಯ ಅನ್ನುವುದೇ ಮೇಲು.

ಆಸೂ ವೈನನ್ನು ಮೊದಲು ಮಾಡಿದವರು ಯಾರು? ಸೆಪ್ಶಿ ಲಾಟ್ಸ್ಕೊ ಮಾಟೆ ಎಂಬ ಪಾದ್ರಿ 1630ರ ಸುಮಾರಿಗೆ ದಂಡು ಬರುವ ಭಯದಿಂದ ಕೊಯ್ಲು ಮುಂದೂಡಿದನಂತೆ. ಅಷ್ಟರಲ್ಲಿ ಬೂಷ್ಟು ಹಿಡಿದ ಹಣ್ಣಿನಿಂದಲೇ ವೈನ್ ಮಾಡಿ, ಈಸ್ಟರ್ ಹಬ್ಬಕ್ಕೆ ತನ್ನ ಒಡತಿ ಜುಜಾನಾ ಲೊರಾಂಟ್‌ಫಿಗೆ ಒಪ್ಪಿಸಿದನಂತೆ. ಕತೆ ಚೆನ್ನಾಗಿದೆ. ಆದರೆ 1571ರ ಆಸ್ತಿಪತ್ರವೊಂದರಲ್ಲಿ ಆಗಲೇ ಆಸೂ ವೈನಿನ ಪ್ರಸ್ತಾಪವಿದೆ, ಪಾದ್ರಿ ಹುಟ್ಟಿದ್ದು 1576ರಲ್ಲಿ! ಆದರೂ ಊರವರು ಅವನನ್ನು ಬಿಟ್ಟುಕೊಟ್ಟಿಲ್ಲ. ಆಸ್ತಿಪತ್ರವನ್ನು ಹೊಗಳಿಕೊಂಡು ಓಡಾಡಲು ಯಾರಿಗೆ ತಾನೇ ಮನಸ್ಸು ಬರುತ್ತದೆ?

ಆಮೇಲೆ ಬಂದವರು ದೊರೆಗಳು. ಟ್ರಾನ್ಸಿಲ್ವೇನಿಯಾದ ದೊರೆ ರಾಕೋಟ್ಸಿ ಫೆರೆಂಟ್ಸ್ ಕಳಿಸಿದ ಟೋಕಾಯ್ ಕುಡಿದು ಫ್ರಾನ್ಸಿನ 14ನೇ ಲೂಯಿ ಅದನ್ನು ವೈನ್‌ಗಳ ರಾಜನೆಂದು ಕರೆದನೆಂಬ ಪ್ರತೀತಿಯಿದೆ; ಜಾಹೀರಾತು ಇಲ್ಲದ ಕಾಲಕ್ಕೆ ಅಷ್ಟೇ ಸಾಕಿತ್ತು. ರಷ್ಯಾದ ಅರಮನೆಯಂತೂ ವೈನ್ ಖರೀದಿಗೆಂದೇ 18ನೇ ಶತಮಾನದಲ್ಲಿ ಇಲ್ಲಿ ಒಂದು ಕಚೇರಿ ಇಟ್ಟಿತ್ತು. 1737ರಲ್ಲಿ ರಾಜಾಜ್ಞೆಯೇ ಹೊರಟು ಈ ಸೀಮೆಗೆ ಗಡಿ ಗುರುತಿಸಿತು. ಪೋರ್ಟ್ ವೈನಿಗೆ ಹೆಸರಾದ ಪೋರ್ಚುಗಲ್ಲಿನ ಡೋರೂ ಕಣಿವೆಗೂ ಅಂಥ ಗಡಿ ಬಂದದ್ದು ಆಮೇಲೆ, 1756ರಲ್ಲಿ. ಮುಂದೆ 1880ರ ದಶಕದಲ್ಲಿ ಫಿಲಾಕ್ಸೆರಾ ಕೀಟ ಬೇರು ತಿಂದಿತು. ಕಮ್ಯುನಿಸ್ಟ್ ಕಾಲದಲ್ಲಿ ರುಚಿಗಿಂತ ಪೀಪಾಯಿಗಳ ಲೆಕ್ಕ ದೊಡ್ಡದಾಯಿತು. 1990ರ ನಂತರ ಹೊರಗಿನ ಬಂಡವಾಳವೂ ಬಂದು ತೋಟಗಳು ಚೇತರಿಸಿಕೊಂಡವು.

ಈ ರಾಜವೈಭವದ ವರ್ಣನೆಯಲ್ಲಿ ವ್ಯಾಪಾರಿಗಳು ಕಾಣುವುದೇ ಕಡಿಮೆ. ಟೋಕಾಯನ್ನು ಪೋಲೆಂಡಿಗೂ ಅದರಾಚೆಗೂ ಮುಟ್ಟಿಸಿದವರಲ್ಲಿ ಗ್ರೀಕರಿದ್ದರು, ಯಹೂದಿಗಳಿದ್ದರು. ಇದೇ ಸೀಮೆಯ ಮಾಡ್ ಎಂಬ ಊರಿನ ಯಹೂದಿಗಳು 1795ರಲ್ಲಿ ಕಟ್ಟಿದ ಚೆಲುವಾದ ಸಿನಗಾಗ್ ಇಂದಿಗೂ ನಿಂತಿದೆ. ಕಟ್ಟಿಸಿದವರ ಸಂತತಿಯನ್ನು 1944ರಲ್ಲಿ ನಾಜಿಗಳ ಆಶ್ವಿಟ್ಜ್ ಶಿಬಿರಕ್ಕೆ ಸಾಗಿಸಲಾಯಿತು. ನಿಮ್ಮಲ್ಲಿ ಯಾರಾದರೂ ಆ ಕಡೆ ಹೋದರೆ, ನೆಲಮಾಳಿಗೆಗೆ ಇಳಿದು ಲೋಟ ಹಿಡಿಯುವ ಮೊದಲು ಮಾಡ್‌ಗೆ ಹೋಗಿ ಬನ್ನಿ.