ಚಿತ್ರ ಒಲ್ಲದ ಕಂಬಳಿಯ ಸೀಮೆಯಲ್ಲಿ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ಊರುಗಳನ್ನು ಬಸ್ಸಿನಲ್ಲೇ ಆರಾಮವಾಗಿ ಸುತ್ತಬಹುದು. 1997ರಲ್ಲಿ ಹೊಸ ಜಿಲ್ಲೆ ಆಗುವವರೆಗೆ ಇವು ಧಾರವಾಡಕ್ಕೆ ಸೇರಿದ್ದವು. ಬಂದವರು ಗುಡಿ, ಕೆರೆ, ಮರ ನೋಡಿಕೊಂಡು ಹೋಗುತ್ತಾರೆ. ನಾವು ಈ ಸಲ ಇನ್ನೊಂದು ವಸ್ತುವಿನ ಬೆನ್ನು ಹತ್ತೋಣ. ಅದು ಕಂಬಳಿ.

ಈ ಕಡೆಯ ಸಂತೆಗಳಲ್ಲಿ ಎರಡು ಬಗೆಯ ಹೊದಿಕೆ ಕಾಣುತ್ತವೆ. ಒಂದರ ಮೇಲೆ ಹುಲಿ, ನವಿಲು, ಕೆಂಪು ಗುಲಾಬಿ. ಮುಟ್ಟಿದರೆ ಬೆಕ್ಕಿನ ಮೈಯಂತೆ ಮೆತ್ತಗೆ. ಇನ್ನೊಂದು ಕಪ್ಪು, ಅಂಚಿಗೆ ಒಂದೆರಡು ಗೆರೆ, ಅಷ್ಟೇ. ಮಕ್ಕಳ ಕಣ್ಣು ಹುಲಿಯ ಮೇಲೆ ನಿಲ್ಲುತ್ತದೆ. ಕಂಬಳಿಯ ಮೇಲೂ ಅಂಥದೊಂದು ಹುಲಿಯನ್ನು ಯಾಕೆ ಅಚ್ಚು ಹಾಕಬಾರದು? ಪ್ರಶ್ನೆ ಸಣ್ಣದು, ಉತ್ತರ ಅಷ್ಟು ಸಣ್ಣದಲ್ಲ.

ಹಾನಗಲ್ಲಿನಿಂದಲೇ ಹೊರಡೋಣ. ಕಲ್ಯಾಣ ಚಾಲುಕ್ಯರ ಕಾಲದ ತಾರಕೇಶ್ವರ ಗುಡಿಯ ಒಳಗೆ ನಿಂತು ತಲೆ ಎತ್ತಿದರೆ, ಛಾವಣಿಯ ಕಲ್ಲು ಅರಳಿದ ಕಮಲವಾಗಿದೆ. ಒಂದೊಂದು ಎಸಳಿನ ಅಂಚೂ ಸ್ಪಷ್ಟ. ಕಲ್ಲು ಗಟ್ಟಿ, ಆದರೆ ಅದರ ಮೈ ಅಲುಗಾಡುವುದಿಲ್ಲ. ಉಳಿ ಎಳೆದ ಗೆರೆ ಎಳೆದಲ್ಲೇ ಉಳಿಯುತ್ತದೆ. ಕಂಬಳಿಯ ಮೈ ಹಾಗಲ್ಲ. ಅದರ ತುಂಬ ಎದ್ದು ನಿಂತ ಜುಂಗು. ಅಚ್ಚಿನ ಬಣ್ಣ ಆ ಕೂದಲುಗಳ ತುದಿಗೆ ಮಾತ್ರ ತಾಗುತ್ತದೆ, ಬುಡಕ್ಕೆ ಇಳಿಯುವುದಿಲ್ಲ. ಕೈಯಾಡಿಸಿದರೆ ಕೂದಲು ಮಗ್ಗುಲಾಗುತ್ತದೆ, ಗೆರೆ ಒಡೆಯುತ್ತದೆ. ಸ್ಕ್ರೀನ್ ಪ್ರಿಂಟಿಂಗ್ ಮಾಡಹೊರಟರೆ ಉದುರಿದ ಕೂದಲು ಜಾಲರಿಗೆ ಅಂಟಿ ಅದರ ಕಣ್ಣುಗಳನ್ನೇ ಮುಚ್ಚುತ್ತದೆ.

ವಿದ್ಯಾರ್ಥಿಗಳು ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಹತ್ತಿಯ ಬಟ್ಟೆಯ ಮೇಲೆ ಒಂದು ಹನಿ ನೀರು, ಕಂಬಳಿಯ ಮೇಲೆ ಒಂದು ಹನಿ ನೀರು ಬಿಡಿ. ಹತ್ತಿ ಕೂಡಲೇ ಕುಡಿಯುತ್ತದೆ. ಕಂಬಳಿಯ ಮೇಲೆ ಹನಿ ಸ್ವಲ್ಪ ಹೊತ್ತು ಮಣಿಯಂತೆ ಕೂರುತ್ತದೆ. ಉಣ್ಣೆಯ ಎಳೆಯ ಮೇಲೆ ಮೀನಿನ ಹೊಟ್ಟಿನಂಥ ಪದರಗಳಿವೆ, ಅವುಗಳಿಗೆ ತೆಳುವಾದ ಜಿಡ್ಡಿನ ಲೇಪವಿದೆ. ನೀರನ್ನು ತಡೆಯುವ ಆ ಲೇಪ ನೀರಿನಲ್ಲಿ ಕಲಸಿದ ಬಣ್ಣವನ್ನೂ ತಡೆಯುತ್ತದೆ. ಅದಕ್ಕೇ ದೊಡ್ಡ ಕಾರ್ಖಾನೆಗಳಲ್ಲಿ ಉಣ್ಣೆಗೆ ಅಚ್ಚು ಹಾಕುವ ಮುಂಚೆ ಕ್ಲೋರಿನ್ ಸಂಸ್ಕಾರ ಕೊಟ್ಟು ಆ ಪದರವನ್ನು ಸವೆಸುತ್ತಾರೆ. ಅಚ್ಚಿನ ಮೇಲೆ ಉಗಿ ಹಾಯಿಸಿ ಬಣ್ಣ ಕೂರಿಸುತ್ತಾರೆ. ನಮ್ಮ ಡೆಕ್ಕನಿ ಕುರಿಯ ಉಣ್ಣೆ ಮೆರಿನೊ ಉಣ್ಣೆಗಿಂತ ಬಹಳ ಒರಟು. ಮೇಲಾಗಿ ಹುಟ್ಟಾ ಕಪ್ಪು. ಕಪ್ಪಿನ ಮೇಲೆ ಹಳದಿ ಹುಲಿ ಕಾಣಬೇಕಾದರೆ ಮೊದಲು ದಪ್ಪ ಬಿಳಿ ಬಣ್ಣ ಬಳಿಯಬೇಕು. ಅದು ಒಣಗಿ ರೊಟ್ಟಿಯಂತೆ ಸೆಟೆದು, ಮಡಚಿದಾಗ ಬಿರುಕು ಬಿಡುತ್ತದೆ.

ಹಾಗಾದರೆ ದಪ್ಪ ಬಟ್ಟೆಗೆ ಅಚ್ಚು ಹತ್ತುವುದೇ ಇಲ್ಲವೆ? ಹತ್ತುತ್ತದೆ. ಶಿಗ್ಗಾವಿಯಿಂದ ಹೆದ್ದಾರಿ ಹಿಡಿದು ಹುಬ್ಬಳ್ಳಿಗೆ ಹೋದರೆ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ, 1957ರಲ್ಲಿ ಸ್ಥಾಪನೆಯಾದದ್ದು. ಅಲ್ಲಿ ಖಾದಿಯ ರಾಷ್ಟ್ರಧ್ವಜ ತಯಾರಾಗುತ್ತದೆ. 24 ಅರಗಳ ನೀಲಿ ಚಕ್ರವನ್ನು ಬಿಳಿ ಪಟ್ಟಿಯ ಎರಡೂ ಬದಿಗೆ, ಒಂದರ ಬೆನ್ನಿಗೆ ಇನ್ನೊಂದು ಸರಿಯಾಗಿ ಕೂಡುವಂತೆ ಅಚ್ಚು ಹಾಕಬೇಕು. ಖಾದಿಗೆ ಜುಂಗು ಕಡಿಮೆ, ಹತ್ತಿಗೆ ಬಣ್ಣದ ದಾಹ ಹೆಚ್ಚು. ಆದ್ದರಿಂದ ಅದು ಸಾಧ್ಯ. ಅಂದರೆ ತೊಡಕು ಬರಿಯ ದಪ್ಪದ್ದಲ್ಲ, ಮೈಯ ಸ್ವಭಾವದ್ದು. ಅದೇ ಶಿಗ್ಗಾವಿ ತಾಲೂಕಿನ ಬಾಡ ಕನಕದಾಸರ ಹುಟ್ಟೂರು. ದಾಸರ ಪಟಗಳಲ್ಲಿ ಹೆಗಲ ಮೇಲೆ ಕಂಬಳಿ ಇದ್ದೇ ಇರುತ್ತದೆ; ಆ ಕಂಬಳಿಯೂ ಚಿತ್ರವಿಲ್ಲದ್ದೇ.

ಸವಣೂರು ನವಾಬರ ಊರು, ವೀಳ್ಯದೆಲೆಯ ಊರು. ಇಲ್ಲಿನ ದೊಡ್ಡಹುಣಸೆ ಮರಗಳನ್ನು ನೋಡಲು ಜನ ದೂರದಿಂದ ಬರುತ್ತಾರೆ. ಹೆಸರಿಗೆ ಹುಣಸೆ, ಆದರೆ ಅವು ಆಫ್ರಿಕ ಮೂಲದ ಬಾವೋಬಾಬ್. ಕಂಬಳಿಗೆ ಬೇಕಾದದ್ದು ನಿಜವಾದ ಹುಣಸೆ. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿ ಮಾಡಿದ ಸರಿಯನ್ನು ನೇಕಾರರು ಹಾಸಿನ ನೂಲಿಗೆ ಹಚ್ಚುತ್ತಾರೆ. ಜುಂಗು ಒರಗಿ, ನೂಲು ಗಟ್ಟಿಯಾಗಿ ಕುಣಿಮಗ್ಗದ ಎಳೆತವನ್ನು ತಾಳುತ್ತದೆ. ಸ್ವಾರಸ್ಯ ನೋಡಿ: ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಗಳಲ್ಲಿ ಬಣ್ಣ ಹರಡದಂತೆ ಅದನ್ನು ಮಂದ ಮಾಡಲು ಬಳಸುವ ಅಂಟುಗಳಲ್ಲಿ ಹುಣಸೆಬೀಜದ ಪುಡಿಯೂ ಒಂದು! ನಮ್ಮ ಅಜ್ಜಿಯರು ಕುದಿಸಿದ ಸರಿಯೇ ಅಲ್ಲಿ ಬೇರೆ ವೇಷದಲ್ಲಿ ದುಡಿಯುತ್ತದೆ.

ಸಂತೆಯ ಹುಲಿ ಹೊದಿಕೆಯ ಗುಟ್ಟೂ ಇಷ್ಟೇ. ಅದು ಉಣ್ಣೆಯಲ್ಲ, ಪಾಲಿಯೆಸ್ಟರ್. ಪಾಣಿಪತ್ತಿನಂಥ ಊರುಗಳ ಕಾರ್ಖಾನೆಗಳಲ್ಲಿ ಮಂದ ಬಣ್ಣವನ್ನು ಜುಂಗಿನ ಬುಡದವರೆಗೆ ಒತ್ತಿ, ಉಗಿಯಲ್ಲಿ ಬೇಯಿಸಿ, ತೊಳೆದು, ಆಮೇಲೆ ಬಾಚಿ, ತುದಿ ಕತ್ತರಿಸಿ ಸಮ ಮಾಡುತ್ತಾರೆ. ಅಷ್ಟು ದೊಡ್ಡ ಯಂತ್ರಗಳ ಮುಂದೆ ಒಂಟಿ ಮಗ್ಗ ಏನು ಮಾಡೀತು? ಕಂಬಳಿ ಕೇಳುವವರು ಕಡಿಮೆಯಾದಂತೆ ಒರಟು ಉಣ್ಣೆಗೂ ಬೆಲೆ ಇಳಿದಿದೆ, ಮಗ್ಗಕ್ಕೆ ಕೂರುವ ಎಳೆಯರೂ ಕಡಿಮೆಯಾಗಿದ್ದಾರೆ.

ಹಿರೇಕೆರೂರಿಗೆ ಬಂದರೆ ಮಲೆನಾಡಿನ ಸೆರಗು. ಮಳೆಗಾಲದಲ್ಲಿ ಹೊಲಕ್ಕೆ ಹೋಗುವ ರೈತನ ತಲೆಯ ಮೇಲಿನ ಕಂಬಳಿಕೊಪ್ಪೆ ಈ ಸೀಮೆಗೆ ಹೊಸದಲ್ಲ. ಮಳೆಹನಿ ಅದರ ಜುಂಗಿನ ಮೇಲಿಂದ ಜಾರಿ ಹೋಗುತ್ತದೆ. ಬಣ್ಣವನ್ನು ಒಲ್ಲೆನ್ನುವ ಗುಣವೇ ಮಳೆಯನ್ನೂ ಒಲ್ಲೆನ್ನುತ್ತದೆ! ಅಚ್ಚಿಗಾಗಿ ಆ ಜಿಡ್ಡು, ಆ ಜುಂಗು ತೆಗೆದರೆ ಚಿತ್ರ ಸಿಕ್ಕೀತು, ಕಂಬಳಿ ಹೋದೀತು.

ಹಾಗೆಂದು ಉಣ್ಣೆಗೆ ಬಣ್ಣವೇ ಹಿಡಿಯದೆಂದಲ್ಲ. ಹುಳಿ ಬೆರೆಸಿದ ಬಿಸಿನೀರಿನಲ್ಲಿ ತಕ್ಕ ಬಣ್ಣದೊಂದಿಗೆ ಬಿಳಿ ಉಣ್ಣೆಯ ನೂಲನ್ನು ಕುದಿಸಿದರೆ ಬಣ್ಣ ಒಳಗಿಳಿದು ನಿಲ್ಲುತ್ತದೆ. ನವಲಗುಂದದ ಜಮಖಾನೆಯಲ್ಲಿ ನವಿಲು, ಪಗಡೆ ಹಾಸು ಮೂಡುವುದು ಅಚ್ಚಿನಿಂದಲ್ಲ, ಬಣ್ಣದ ನೂಲಿನ ನೇಯ್ಗೆಯಿಂದ. ಕಂಬಳಿಯ ಅಂಚಿಗೂ ಅದೇ ದಾರಿ. ಸನ್ಮಾನದ ಕಂಬಳಿಗೆ ಹೆಸರು ಬೇಕೆಂದರೆ ಹತ್ತಿಯ ತುಂಡಿಗೆ ಅಚ್ಚು ಹಾಕಿ ಮೂಲೆಗೆ ಹೊಲಿಯಬಹುದು, ಇಲ್ಲವೆ ದಾರದಲ್ಲಿ ಕಸೂತಿ ಹಾಕಬಹುದು.

ವಿನ್ಯಾಸ ಕಲಿಯಹೊರಟ ಮಕ್ಕಳಿಗೂ ಅವರನ್ನು ಓದಿಸುವ ತಂದೆತಾಯಿಗಳಿಗೂ ಇಲ್ಲೊಂದು ಕೆಲಸ ಕಾದಿದೆ. ಕಂಪ್ಯೂಟರಿನ ಪರದೆಯ ಮೇಲೆ ಚಿತ್ರ ಬಿಡಿಸಿ ಅಚ್ಚಿಗೆ ಕಳಿಸುವ ಮೊದಲು ಒಂದು ದಿನ ಕುಣಿಮಗ್ಗದ ಪಕ್ಕ ಕೂತು ನೋಡಲಿ. ಕರಿ, ಬಿಳಿ, ಕಂದು – ಕುರಿಯೇ ಕೊಟ್ಟ ಈ ಮೂರು ಬಣ್ಣಗಳಲ್ಲಿ, ಹಾಸುಹೊಕ್ಕಿನ ಲೆಕ್ಕದಲ್ಲಿ, ಒಂದು ಹೊಸ ಅಂಚು ಬಿಡಿಸಿ ನೇಕಾರರ ಕೈಗೆ ಕೊಡಲಿ. ಅದು ಒಗೆದರೂ ಹೋಗದ ಚಿತ್ರ.