ಬಿದ್ದವರನ್ನು ಎತ್ತುವ ಆಟ

ಈ ಸ್ಮರಣ ಸಂಚಿಕೆಗೆ ನೀನೂ ಏನಾದರೂ ಬರೆದು ಕಳುಹಿಸಬೇಕೆಂಬ ಅಪ್ಪಣೆ ಬಂದಾಗ, ನಮ್ಮ ಕಾಲದ ಅಧ್ಯಾಪಿನಿಯರನ್ನು ಕುರಿತೋ ಅಂಗಳದ ಸಂಪಿಗೆಯ ಮರವನ್ನು ಕುರಿತೋ ನಾನು ಬರೆಯುವೆನೆಂದು ಅನೇಕರು ಎಣಿಸಿರಬಹುದು. ಅವುಗಳನ್ನು ನನಗಿಂತ ಚೆನ್ನಾಗಿ ಬರೆಯಬಲ್ಲವರು ನಿಮ್ಮಲ್ಲಿದ್ದಾರೆ. ಆದಕಾರಣ ಪ್ರತಿ ಭಾನುವಾರದ ಬೆಳಗಿನ ಜಾವದಲ್ಲಿ ನಾನು ಆಡುತ್ತ ಬಂದಿರುವ ಒಂದು ಆಟದ ವಿಷಯವನ್ನು ಬರೆಯಲು ಧೈರ್ಯಗೊಂಡಿದ್ದೇನೆ. ಅದು ಕಂಪ್ಯೂಟರಿನ ಆಟ; ಬಂದೂಕಿನ ಆಟ; ಅದರಲ್ಲಿ ಎದುರಾಗುವವರು ಜೋಂಬಿಗಳು. ಇಷ್ಟನ್ನು ಓದಿ ಪುಟ ಮಗುಚುವವರು ಮಗುಚಬಹುದು. ಮೂವತ್ತು ವರ್ಷ ಮಕ್ಕಳಿಗೆ ಗಣಿತವನ್ನು ಬೋಧಿಸಿ ನಿವೃತ್ತಳಾದ ಹೆಂಗಸಿಗೆ ಇದು ತಕ್ಕದ್ದೇ ಎಂದು ನನ್ನ ಸ್ವಂತ ತಂಗಿಯೇ ಕೇಳಿದ್ದುಂಟು.

೨೦೨೩ನೆಯ ಇಸವಿಯ ಜುಲೈ ತಿಂಗಳಲ್ಲಿ ನಾನು ಬಚ್ಚಲಮನೆಯಲ್ಲಿ ಜಾರಿ ಬಿದ್ದು ಕಾಲಿನ ಹರಡಿನ ಎಲುಬು ಮುರಿಯಿತು. ಆರು ವಾರ ಪ್ಲಾಸ್ಟರಿನಲ್ಲಿ ಕಾಲು. ಮೈಸೂರಿನ ಮನೆಯಲ್ಲಿ ನಾನೊಬ್ಬಳೇ. ಮಗಳು ಇರುವುದು ಟೊರಾಂಟೋ ನಗರದಲ್ಲಿ. ಅವಳಿಗೆ ಬರಲು ರಜೆ ದೊರೆಯಲಿಲ್ಲ. “ಅಮ್ಮಾ, ದಿನವೂ ಫೋನಿನಲ್ಲಿ ‘ಊಟ ಆಯಿತೇ, ಆಯಿತು’ ಎಂದು ಹೇಳಿಕೊಂಡು ಏನು ಪ್ರಯೋಜನ? ಒಟ್ಟಿಗೆ ಏನಾದರೊಂದು ಮಾಡೋಣ” ಎಂದಳು. ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನು ತನ್ನ ಹಳೆಯ ಕಂಪ್ಯೂಟರನ್ನು ತಂದು ನನ್ನ ಮಂಚದ ಪಕ್ಕದಲ್ಲಿ ಇರಿಸಿದನು. ನಾಲ್ಕನೆಯವರು ಬೇಕಾಗಿತ್ತು. ಶಿವಮೊಗ್ಗದಲ್ಲಿರುವ ನನ್ನ ಹಾಸ್ಟೆಲಿನ ಗೆಳತಿಯನ್ನು, ಏಳನೆಯ ತರಗತಿಯಿಂದ ನನ್ನ ಬೆಂಚಿನಲ್ಲಿ ಕುಳಿತವಳನ್ನು, ಕೇಳಿದೆನು. ಏನು ಎಂತು ಎಂದು ವಿಚಾರಿಸದೆ ಒಪ್ಪಿದಳು. ಟೊರಾಂಟೋದಲ್ಲಿ ಶನಿವಾರ ರಾತ್ರಿ ಎಂಟು ಗಂಟೆಯಾದಾಗ ನಮ್ಮಲ್ಲಿ ಭಾನುವಾರ ಬೆಳಗಿನ ಐದೂವರೆ. ನಾವಿಬ್ಬರು ಆಗ ಎದ್ದಿರುತ್ತೇವೆ. ತಂಗಿಯ ಮಗನು ಇನ್ನೂ ಮಲಗಿರುವುದಿಲ್ಲ.

ಆಟದ ಹೆಸರು ‘ಲೆಫ್ಟ್ ಫೋರ್ ಡೆಡ್ ಟೂ’. ಅಮೆರಿಕೆಯ ವಾಲ್ವ್ ಎಂಬ ಸಂಸ್ಥೆಯವರು ೨೦೦೯ರ ನವೆಂಬರಿನಲ್ಲಿ ಇದನ್ನು ಹೊರತಂದರು; ಇದರ ಮೊದಲನೆಯ ಭಾಗ ಹಿಂದಿನ ವರ್ಷವೇ ಬಂದಿತ್ತು. ಒಂದು ಭಯಂಕರವಾದ ಸೋಂಕು ಹಬ್ಬಿ ಜನರು ಬುದ್ಧಿಗೆಟ್ಟು ಮೈಮೇಲೆ ಬೀಳುವವರಾಗಿದ್ದಾರೆ. ಸೋಂಕು ತಗಲದ ನಾಲ್ವರು ಜಾರ್ಜಿಯ ಪ್ರಾಂತದ ಸವಾನ್ನಾದಿಂದ ಹೊರಟು ನ್ಯೂ ಆರ್ಲಿಯನ್ಸ್ ಪಟ್ಟಣದವರೆಗೆ ಪಾರಾಗಿ ಹೋಗಬೇಕು. ಈ ನಾಲ್ವರಲ್ಲಿ ಒಬ್ಬನು ಹೈಸ್ಕೂಲಿನ ಫುಟ್ಬಾಲ್ ಆಟದ ಶಿಕ್ಷಕ. ಉಪಾಧ್ಯಾಯಿನಿಯೆಂಬ ಕಾರಣಕ್ಕೆ ಆ ಸ್ಥೂಲಕಾಯದ ಮಹನೀಯನ ಪಾತ್ರವೇ ನನ್ನ ಪಾಲಿಗೆ ಬಂತು.

ಜೋಂಬಿಗಳ ಕಥೆಯನ್ನು ಈಗಿನ ರೂಪದಲ್ಲಿ ಜನರ ಮುಂದಿಟ್ಟದ್ದು ಜಾರ್ಜ್ ರೊಮೆರೋ ಎಂಬವರು ೧೯೬೮ರಲ್ಲಿ ತೆಗೆದ ಒಂದು ಚಲನಚಿತ್ರ. ಅದರಲ್ಲಿ ಸತ್ತವರು ಎದ್ದು ನಿಧಾನವಾಗಿ ನಡೆಯುತ್ತಾರೆ. ನಮ್ಮ ಆಟದವರು ಹಾಗಲ್ಲ. ಇವರು ರೋಗಪೀಡಿತರು, ಮತ್ತು ಓಡುತ್ತಾರೆ. ನೂರು ಜನ ಒಮ್ಮೆಲೇ ಓಡಿ ಬರುವ ಸದ್ದನ್ನು ಮೊದಲ ಸಲ ಕೇಳಿದಾಗ ನಾನು ಕೀಲಿಮಣೆಯಿಂದ ಕೈತೆಗೆದು ಕಿವಿ ಮುಚ್ಚಿಕೊಂಡೆನು.

ತಾಯಿತಂದೆಗಳಿಗೆ ಒಂದು ಮಾತು. ಇದು ರಕ್ತಮಯವಾದ ಆಟ, ದೊಡ್ಡವರಿಗಾಗಿ ಮಾಡಿದ್ದು. ಆಸ್ಟ್ರೇಲಿಯ ದೇಶದವರು ೨೦೦೯ರಲ್ಲಿ ಇದಕ್ಕೆ ಅನುಮತಿ ನಿರಾಕರಿಸಿ, ಕತ್ತರಿ ಹಾಕಿದ ಪ್ರತಿಯನ್ನು ಮಾತ್ರ ಮಾರಗೊಟ್ಟರು. ನಿಮ್ಮ ಹೈಸ್ಕೂಲಿನ ಹುಡುಗಿಯರಿಗೆ ಇದನ್ನು ಕೊಡಿಸಿರೆಂದು ನಾನು ಹೇಳುತ್ತಿಲ್ಲ.

ಆದರೆ ಇದರ ಕಟ್ಟಳೆಗಳನ್ನು ಯಾರು ಯೋಚಿಸಿದರೋ ಅವರು ಮನುಷ್ಯಸ್ವಭಾವವನ್ನು ಬಲ್ಲವರೆಂದು ನನಗೆ ತೋರುತ್ತದೆ. ‘ಹಂಟರ್’ ಎಂಬವನು ಕತ್ತಲಿನಿಂದ ಹಾರಿ ನಮ್ಮನ್ನು ಕೆಡವಿ ಮೇಲೆ ಕುಳಿತನೆಂದರೆ, ನಮ್ಮಲ್ಲಿ ಎಷ್ಟು ಗುಂಡುಗಳಿದ್ದರೂ ನಿರರ್ಥಕ. ಜೊತೆಯವರೊಬ್ಬರು ಬಂದು ಅವನನ್ನು ತಳ್ಳಬೇಕು ಇಲ್ಲವೆ ಕೊಲ್ಲಬೇಕು. ಪ್ರಾಣಶಕ್ತಿಗೆ ೧೦೦ ಅಂಕಗಳುಂಟು. ಅವು ತೀರಿದವನು ನೆಲಕ್ಕೆ ಬೀಳುತ್ತಾನೆ. ಬಿದ್ದವನಿಗೆ ೩೦೦ ಅಂಕಗಳ ಬೇರೊಂದು ಗಡುವನ್ನು ಕೊಡುತ್ತಾರೆ. ಅದು ಕ್ಷಣಕ್ಷಣವೂ ಇಳಿಯುತ್ತಿರುತ್ತದೆ. ಬಿದ್ದಲ್ಲಿಂದಲೇ ಕೈಪಿಸ್ತೂಲಿನಿಂದ ಗುಂಡು ಹೊಡೆಯಬಹುದು, ಏಳಲು ಮಾತ್ರ ಆಗದು. ಜೊತೆಯವರು ಹತ್ತಿರ ಬಂದು ಒಂದು ಕೀಲಿಯನ್ನು ಐದು ಸೆಕೆಂಡು ಒತ್ತಿಹಿಡಿದು ಎತ್ತಬೇಕು. ಅಷ್ಟು ಹೊತ್ತು ಅವರೂ ಗುಂಡು ಹೊಡೆಯಲಾರರು. ಹಾಗೆ ಎದ್ದವನಿಗೆ ೩೦ ಅಂಕಗಳ ಪ್ರಾಣ, ಅದೂ ಕರಗುವಂಥದು. ಔಷಧೋಪಚಾರವಿಲ್ಲದೆ ಎರಡು ಸಲ ಬಿದ್ದೆದ್ದವನಿಗೆ ಲೋಕವೆಲ್ಲ ಹಳೆಯ ಸಿನಿಮಾದಂತೆ ಕಪ್ಪುಬಿಳುಪಾಗಿ ಕಾಣುತ್ತದೆ. ಮೂರನೆಯ ಸಲ ಬಿದ್ದರೆ ಎತ್ತುವ ಮಾತಿಲ್ಲ.

ತೆರೆಯ ಹಿಂದೆ ‘ಡೈರೆಕ್ಟರ್’ ಎಂಬ ಗುಪ್ತ ಯಂತ್ರಬುದ್ಧಿಯೊಂದುಂಟು. ನಾಲ್ವರಲ್ಲಿ ಯಾರಿಗೆ ಎಷ್ಟು ಪೆಟ್ಟಾಯಿತು, ಎಷ್ಟು ಗಾಬರಿಯಾಗಿರಬಹುದು ಎಂದು ಅದು ಲೆಕ್ಕ ಹಾಕುತ್ತಿರುತ್ತದೆ. ನಾವು ತೀರ ಬಳಲಿದರೆ ಸ್ವಲ್ಪ ಹೊತ್ತು ಶತ್ರುಗಳನ್ನು ತಡೆದು ಉಸಿರಾಡಗೊಡುತ್ತದೆ. ನೆಮ್ಮದಿಯಿಂದ ನಡೆದೆವೆಂದರೆ ಹಿಂಡನ್ನು ಬಿಡುತ್ತದೆ. ಆದಕಾರಣ ಒಂದೇ ಬೀದಿಯನ್ನು ಹತ್ತು ಸಲ ದಾಟಿದರೂ ಹತ್ತೂ ಬೇರೆ. ಕಠಿಣ ಪ್ರಶ್ನೆಯ ನಂತರ ಒಂದು ಸುಲಭದ ಪ್ರಶ್ನೆಯನ್ನಿಡುವುದನ್ನು ನಾನೂ ಪ್ರಶ್ನಪತ್ರಿಕೆಗಳಲ್ಲಿ ಮಾಡುತ್ತಿದ್ದುದರಿಂದ ಈ ಡೈರೆಕ್ಟರನ ಮೇಲೆ ನನಗೆ ಒಂದು ಬಗೆಯ ವೃತ್ತಿಬಾಂಧವ್ಯ.

ನನ್ನ ಗುರಿ ಬಹಳ ಕೆಟ್ಟದ್ದು. ಗೆಳತಿಯ ಬೆನ್ನಿಗೆ ನಾನು ಹೊಡೆದಷ್ಟು ಗುಂಡುಗಳನ್ನು ಶತ್ರುಗಳಿಗೆ ಹೊಡೆದಿಲ್ಲ. “ಸ್ಕೂಲಿನಲ್ಲಿ ನನ್ನ ಲಂಗದ ಮೇಲೆಲ್ಲ ಶಾಯಿ ಚೆಲ್ಲಿದ್ದು ಸಾಲದೇನೇ?” ಎಂದು ಅವಳು ಗೊಣಗುತ್ತಾಳೆ.

೨೦೨೪ರ ಆಗಸ್ಟಿನ ಒಂದು ಭಾನುವಾರ ‘ಹಾರ್ಡ್ ರೇನ್’ ಎಂಬ ಕಾಂಡವನ್ನು ಆಡುತ್ತಿದ್ದೆವು. ದೋಣಿಗೆ ಡೀಸೆಲ್ ಮುಗಿದಿದೆ; ನಾಲ್ವರೂ ಊರನ್ನೂ ಒಂದು ಸಕ್ಕರೆಯ ಕಾರ್ಖಾನೆಯನ್ನೂ ಕಬ್ಬಿನ ಗದ್ದೆಯನ್ನೂ ದಾಟಿ ಡೀಸೆಲ್ ತರಬೇಕು; ತಂದು ಅದೇ ದಾರಿಯಲ್ಲಿ ಬಿರುಗಾಳಿಮಳೆಯೊಳಗೆ ಹಿಂದಿರುಗಬೇಕು. ನನ್ನ ತವರೂರು ಮಂಡ್ಯದ ಕಡೆಯದು. ೧೯೩೩ರಲ್ಲಿ ಸಕ್ಕರೆ ಕಂಪೆನಿ ಸ್ಥಾಪನೆಯಾದ ಊರಿನ ಸುತ್ತ ಹುಟ್ಟಿದವರಿಗೆ ಬೆಳೆದ ಕಬ್ಬಿನ ಗದ್ದೆಯೆಂದರೆ ಏನೆಂದು ಹೇಳಬೇಕಾಗಿಲ್ಲ. ಗರಿಗಳು ಮೈಕೈ ಕೊಯ್ಯುತ್ತವೆ; ಎರಡು ಮಾರು ಆಚೆ ಇರುವವರು ಕಾಣರು; ಗಾಳಿ ಬೀಸಿದರೆ ಕೂಗಿದ್ದೂ ಕೇಳಿಸದು. ಅಮೆರಿಕೆಯ ಆ ಕಬ್ಬಿನೊಳಗೆ ಕಾಲಿಟ್ಟಾಗ ನನ್ನ ಬಾಲ್ಯದ ದಿಗಿಲೇ ಮರಳಿ ಬಂತು.

ಅಂದು ತಂಗಿಯ ಮಗನ ಹಟದಿಂದ ‘ರಿಯಲಿಸಂ’ ಎಂಬ ಕಠಿಣ ಪದ್ಧತಿಯಲ್ಲಿ ಆಡಿದೆವು. ಎಂದಿನ ಪದ್ಧತಿಯಲ್ಲಿ ಜೊತೆಯವರ ಮೈಯ ಸುತ್ತ ಹೊಳೆಯುವ ಗೆರೆಯೊಂದು ಗೋಡೆಯಾಚೆಯಿಂದಲೂ ಕಾಣುತ್ತದೆ. ರಿಯಲಿಸಂನಲ್ಲಿ ಅದಿಲ್ಲ. ಬಿದ್ದವಳು ಎಲ್ಲಿದ್ದೇನೆಂದು ಬಾಯಿಬಿಟ್ಟು ಹೇಳಬೇಕು.

ಗದ್ದೆಯ ನಡುವೆ ನಾನು ಹಿಂದುಳಿದೆನು, ನಾಲ್ಕಾರು ಜನ ಮುತ್ತಿದರು, ಬಿದ್ದೆನು. ಮಾತನಾಡಲು ಒಂದು ಕೀಲಿಯನ್ನು ಒತ್ತಿಹಿಡಿಯಬೇಕು. ನನ್ನ ಬೆರಳು ಅದರ ಮೇಲೆಯೇ ಇತ್ತು. ನಾನು ಒತ್ತಲಿಲ್ಲ. ಅವರು ಮುಂದೆ ಹೋಗಿದ್ದಾರೆ, ಬಾಗಿಲು ಸೇರಲಿ, ನನ್ನೊಬ್ಬಳಿಗಾಗಿ ಮೂವರೂ ಮಳೆಯಲ್ಲಿ ಹಿಂದಿರುಗುವುದೇಕೆ ಎಂದುಕೊಂಡು ಪಿಸ್ತೂಲಿನಿಂದ ಹೊಡೆಯುತ್ತ ಇದ್ದೆನು. ಅಂಕಗಳು ಇಳಿದವು, ಸತ್ತೆನು.

ಸತ್ತವರಿಗೆ ಉಳಿದವರ ಕಣ್ಣುಗಳಿಂದ ಆಟವನ್ನು ನೋಡುವ ಅವಕಾಶವುಂಟು. ನನಗೆ ಮೊದಲು ದೊರೆತದ್ದು ಮಗಳ ಕಣ್ಣು. ಅವಳು ಬಾಗಿಲಿನ ಬಳಿ ಇರಲಿಲ್ಲ. ಗದ್ದೆಯೊಳಗೇ, ಬಂದ ದಾರಿಗೆ ಮುಖಮಾಡಿ ನಿಂತು, ಕೈದೀಪವನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ ಹುಡುಕುತ್ತಿದ್ದಳು. ದೀಪದ ಬೆಳಕು ಗರಿಗಳ ಮೇಲೆ ಹಾಯ್ದು ಹೋಗುತ್ತಿತ್ತು. ನಾನು ಬಿದ್ದಲ್ಲಿಗೆ ಅಲ್ಲಿಂದ ಹತ್ತು ಹೆಜ್ಜೆ ಇದ್ದಿತೋ ಇಲ್ಲವೋ.

“ಅಮ್ಮಾ, ಬಿದ್ದಾಗ ಬಿದ್ದೆ ಎನ್ನಬಾರದೇ?” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿತ್ತು.

ಗೆಳತಿ ನಗುತ್ತ, “ಇವಳು ಹಾಸ್ಟೆಲಿನಲ್ಲೂ ಹೀಗೆಯೇ ಕಣಮ್ಮಾ. ಮೂರು ದಿನ ಜ್ವರವನ್ನು ಬಚ್ಚಿಟ್ಟುಕೊಂಡು ಪರೀಕ್ಷೆ ಬರೆದವಳು” ಎಂದಳು.

ಯಾರೂ ನಗಲಿಲ್ಲ. ಆಗ ನಾನು ಒಂದು ವರ್ಷದಿಂದ ಯಾರಿಗೂ ಹೇಳದಿದ್ದುದನ್ನು ಹೇಳಿದೆನು. ಬಚ್ಚಲಮನೆಯಲ್ಲಿ ಬಿದ್ದ ದಿನ ನೆರೆಮನೆಯವರು ತಕ್ಷಣ ಓಡಿಬಂದರೆಂದು ಎಲ್ಲರಿಗೂ ತಿಳಿಸಿದ್ದೆನಷ್ಟೆ. ಅದು ಸುಳ್ಳು. ನಾನು ಒಂದೂವರೆ ಗಂಟೆ ಆ ಒದ್ದೆ ನೆಲದ ಮೇಲೆ ಇದ್ದೆನು. ಗೋಡೆಯಾಚೆ ಅವರ ಮನೆಯ ಮಿಕ್ಸಿಯಲ್ಲಿ ಚಟ್ನಿ ರುಬ್ಬುವ ಸದ್ದು ಕೇಳಿಸುತ್ತಿತ್ತು; ಅದು ನಿಂತ ಮೇಲೆ ಅವರ ಸೊಸೆ ಮಗುವಿಗೆ ತಿಂಡಿ ತಿನ್ನಿಸುವ ಮಾತೂ ಕೇಳಿಸುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಾಗಿತ್ತು. ಬೆಳಗಿನ ಕೆಲಸದ ಹೊತ್ತು, ಈ ಸ್ಥಿತಿಯಲ್ಲಿ ಹೇಗೆ ಕರೆಯಲಿ, ಇನ್ನೊಂದು ಸಲ ಎದ್ದು ನೋಡೋಣ ಎನ್ನುತ್ತಲೇ ಹೊತ್ತು ಕಳೆಯಿತು. ಕೊನೆಗೂ ನಾನು ಕರೆಯಲಿಲ್ಲ. ಪಾತ್ರೆ ತೊಳೆಯುವವಳು ಬಂದು ಬಾಗಿಲು ತಟ್ಟಿ, ಉತ್ತರ ಕಾಣದೆ ಅವರನ್ನು ಕರೆತಂದಳು.

ಮಗಳು ಅಂದು ಮತ್ತೇನೂ ಮಾತನಾಡದೆ ಆಟದಿಂದ ಹೊರಟುಹೋದಳು.

ಮುಂದಿನ ವಾರ ಮತ್ತೆ ಸೇರಿದೆವು. ಗೆಳತಿಗೆ ಊರಿನ ಮದುವೆ. ತಂಗಿಯ ಮಗನೂ ಬರಲಿಲ್ಲ. ಬಾರದವರ ಸ್ಥಾನದಲ್ಲಿ ಕಂಪ್ಯೂಟರ್ ತಾನೇ ಇಬ್ಬರನ್ನು ನಡೆಸುತ್ತದೆ. ಪ್ರತಿ ಅಧ್ಯಾಯದ ಕೊನೆಗೆ ಕೆಂಪು ಕಬ್ಬಿಣದ ಬಾಗಿಲಿನ ಒಂದು ಕೋಣೆ ಸಿಗುತ್ತದೆ. ಒಳಹೊಕ್ಕು ಬಾಗಿಲೆಳೆದರೆ ಮುಂದಿನ ಅಧ್ಯಾಯ ಅಲ್ಲಿಂದಲೇ ಮೊದಲಾಗುತ್ತದೆ. ಮದ್ದು, ಪಟ್ಟಿ, ತೋಟೆಗಳು ಅಲ್ಲಿರುತ್ತವೆ. ಗೋಡೆಗಳ ತುಂಬ ಮೊದಲು ಹಾದುಹೋದವರು ಗೀಚಿದ ಬರೆಹಗಳು. ತಮ್ಮವರನ್ನು ಹುಡುಕುವವರ ಮಾತುಗಳೂ ಅವುಗಳಲ್ಲುಂಟು. ಅಂಥ ಕೋಣೆಯೊಂದರಲ್ಲಿ ನಾನು ಪಟ್ಟಿಯನ್ನು ಎತ್ತಿಕೊಂಡು ಬಾಗಿಲಿನ ಬಳಿ ನಿಂತಿದ್ದೆನು. ಮಗಳು ಬರಲಿಲ್ಲ. ಮೂಲೆಯಲ್ಲಿ ಗೋಡೆಗೆ ಮುಖಮಾಡಿ ನಿಂತಿದ್ದಳು.

“ಅಮ್ಮಾ, ನನಗೆ ಮೇ ತಿಂಗಳಿಂದ ಕೆಲಸವಿಲ್ಲ” ಎಂದಳು.

ಮೂರು ತಿಂಗಳು ನಾನು ಕೇಳಿದಾಗಲೆಲ್ಲ ಆಫೀಸಿನಲ್ಲಿ ಬಹಳ ಕೆಲಸ ಎಂದೇ ಅವಳು ಹೇಳುತ್ತಿದ್ದಳು. ನನಗೆ ಬೈಯಲು ಬಾಯಿ ಬರಲಿಲ್ಲ. ಯಾವ ಮುಖದಿಂದ ಬೈಯಲಿ? ಹಾಲಿನ ಲೆಕ್ಕದ ಪುಸ್ತಕವೂ ಪೆನ್ಸಿಲೂ ಮೇಜಿನ ಮೇಲಿದ್ದವು. ಬಾಡಿಗೆ ಎಷ್ಟು, ಕೈಯಲ್ಲಿ ಎಷ್ಟಿದೆ, ವಿಮೆಗೆ ಎಷ್ಟು ಹೋಗುತ್ತದೆ ಎಂದು ಒಂದೊಂದಾಗಿ ಕೇಳಿ ಬರೆದುಕೊಂಡೆನು. ಅವಳು ಮೊದಲು ತಡೆತಡೆದು ಹೇಳಿದಳು. ಆಮೇಲೆ ತಾನಾಗಿ ಹೇಳಿದಳು. ನಡುವೆ ಸ್ವಲ್ಪ ಅತ್ತಳು. ಕಂಪ್ಯೂಟರಿನ ಆ ಇಬ್ಬರು ಬಂದೂಕು ಹಿಡಿದು ನಮ್ಮ ಪಕ್ಕದಲ್ಲಿ ಕಾವಲಿನಂತೆ ನಿಂತಿದ್ದರು. ಹೊರಗೆ ಯಾರೋ ಕೆಮ್ಮುವ ಸದ್ದು.

ಮಿತವಾಗಿ ನಡೆದರೆ ಡಿಸೆಂಬರಿನ ತನಕ ಸಾಗುತ್ತದೆಂದೂ, ನನ್ನ ಪಿಂಚಣಿಯಿಂದ ಇಷ್ಟನ್ನು ಕಳುಹಿಸಿದರೆ ಫೆಬ್ರವರಿಯ ತನಕವೆಂದೂ ಲೆಕ್ಕ ಬಂತು. ಬೇಡವೆಂದಳು. “ಐದು ಸೆಕೆಂಡು ಸುಮ್ಮನಿರು” ಎಂದೆನು. ಸುಮ್ಮನಾದಳು. ಆಗ ಇಲ್ಲಿ ಏಳು ಗಂಟೆ, ಅಲ್ಲಿ ರಾತ್ರಿ ಒಂಬತ್ತೂವರೆ.

“ಬಾಗಿಲು ತೆರೆಯಲೇ, ಅಮ್ಮಾ?” ಎಂದಳು.

“ತಡೆ, ಹಾಲಿನವನು ಬಂದಿದ್ದಾನೆ” ಎಂದು ನಾನು ಎದ್ದೆನು.